ವೆರಿಫೈ ಫೇಲ್ ಆದರೆ ಅದನ್ನೇ ಆಫ್ ಮಾಡಬೇಡಿ

ನಾನು ಲಿನಕ್ಸ್ ನೆಟ್‌ವರ್ಕ್ ಡ್ರೈವರ್‌ಗಳ ಮೇಲೆ ಕೆಲಸ ಮಾಡುತ್ತೇನೆ. ಫ್ರೇಮ್ ಪ್ರಿಎಂಪ್ಷನ್ ಸೆಟ್ ಮಾಡುವವರು ಪದೇ ಪದೇ ಎಡವುವ ಒಂದು ಜಾಗದ ಬಗ್ಗೆ ಹೇಳುತ್ತೇನೆ.

ಫ್ರೇಮ್ ಅಂದರೆ ಎಥರ್ನೆಟ್ ಕೇಬಲ್‌ನಲ್ಲಿ ಹೋಗುವ ಡೇಟಾದ ಒಂದು ಕಟ್ಟು. ದೊಡ್ಡ ಫ್ರೇಮ್ ಹೋಗುತ್ತಿರುವಾಗಲೇ ಅದನ್ನು ತುಂಡರಿಸಿ, ಅರ್ಜೆಂಟ್ ಫ್ರೇಮನ್ನು ನಡುವೆ ನುಗ್ಗಿಸುವುದೇ ಪ್ರಿಎಂಪ್ಷನ್. 100 ಎಂಬಿಪಿಎಸ್ ಲಿಂಕ್‌ನಲ್ಲಿ 1500 ಬೈಟ್ ಡೇಟಾ ಹೊತ್ತ ಫ್ರೇಮ್ ಸುಮಾರು 123 ಮೈಕ್ರೋಸೆಕೆಂಡ್ ದಾರಿ ಬಿಡುವುದಿಲ್ಲ. ಪ್ರಿಎಂಪ್ಷನ್ ಇದ್ದರೆ ಕಾಯುವುದು ಹತ್ತರ ಆಸುಪಾಸು ಅಷ್ಟೇ. ಗಿಗಾಬಿಟ್‌ನಲ್ಲಾದರೆ ಆ 123 ತಾನಾಗಿಯೇ 12 ಆಗುತ್ತದೆ. ಅಲ್ಲಿ ಸುಮ್ನೆ ಯಾಕೆ ತಲೆನೋವು ಅಂತ ನಾನು ಕೇಳುವುದು ಜಾಸ್ತಿ.

ಸೆಟ್ಟಿಂಗ್ ಎರಡು ಕಡೆ ಇದೆ. ಫ್ರೇಮ್ ತುಂಡರಿಸಿ ಮತ್ತೆ ಜೋಡಿಸುವ ಮ್ಯಾಕ್ ಮರ್ಜ್ ಲೇಯರ್‌ಗೆ ಎಥ್‌ಟೂಲ್ ಕಮಾಂಡ್, ಇದು 2023ರ ಲಿನಕ್ಸ್ 6.3ರಿಂದ. ಯಾವ ಟ್ರಾಫಿಕ್ ಕ್ಲಾಸ್ (ಟ್ರಾಫಿಕ್‌ನ ಗುಂಪು) ಎಕ್ಸ್‌ಪ್ರೆಸ್, ಅಂದರೆ ನಡುವೆ ನುಗ್ಗುವ ಅರ್ಜೆಂಟ್ ಬಗೆ, ಯಾವುದನ್ನು ತುಂಡರಿಸಬಹುದು ಎಂದು ಹೇಳುವುದು ಟಿಸಿ ಕಮಾಂಡ್‌ನ ಎಂಕ್ಯೂಪ್ರಿಯೋ ಅಥವಾ ಟ್ಯಾಪ್ರಿಯೋ ಎಂಬ ಕ್ಯೂ ಸೆಟ್ಟಿಂಗ್‌ನಲ್ಲಿ, 6.4ರಿಂದ. ಏನೂ ಹೇಳದಿದ್ದರೆ ಎಲ್ಲವೂ ಎಕ್ಸ್‌ಪ್ರೆಸ್, ತುಂಡರಿಸಲು ಏನೂ ಉಳಿಯುವುದಿಲ್ಲ.

ನಮ್ಮ ಟೀಮ್‌ನಲ್ಲಿ ಒಮ್ಮೆ ಬಂದ ದೂರು ವಿಚಿತ್ರವಾಗಿತ್ತು. ಕಂಟ್ರೋಲ್ ಟ್ರಾಫಿಕ್ ಚೆನ್ನಾಗಿ ಹೋಗುತ್ತಿದೆ, ಮಿಕ್ಕಿದ್ದೆಲ್ಲ ಮಾಯ. ಲಿಂಕ್ ಅಪ್ ಇದೆ, ನಮ್ಮ ಕಡೆ ಒಂದು ಎರರ್ ಕೂಡ ಇಲ್ಲ. ನೋಡಿದರೆ ವೆರಿಫಿಕೇಶನ್ ಫೇಲ್ ಆಗುತ್ತಿದೆ ಎಂದು ಯಾರೋ ಅದನ್ನೇ ಆಫ್ ಮಾಡಿದ್ದರು. ಎದುರಿನ ಪೋರ್ಟ್‌ಗೆ ಪ್ರಿಎಂಪ್ಷನ್ ಗೊತ್ತಿದೆಯಾ ಎಂದು ವೆರಿಫೈ ಕೇಳುತ್ತದೆ. ಉತ್ತರ ಬರದಿದ್ದರೆ ಟಿಎಕ್ಸ್, ಅಂದರೆ ಕಳಿಸುವ ಕಡೆಯ ಪ್ರಿಎಂಪ್ಷನ್, ಆಕ್ಟಿವ್ ಆಗುವುದಿಲ್ಲ, ಟ್ರಾಫಿಕ್ ಮಾಮೂಲಿನಂತೆ ಹೋಗುತ್ತದೆ. ಆಫ್ ಮಾಡಿದರೆ ಕೇಳದೆಯೇ ಶುರು.

ಆಗ ಏನಾಗುತ್ತದೆ ಗೊತ್ತಾ? ಎಕ್ಸ್‌ಪ್ರೆಸ್ ಫ್ರೇಮ್ ಶುರುವಾಗುವುದು ಎಂದಿನ ಡಿ5 ಬೈಟ್‌ನಿಂದ. ತುಂಡರಿಸಬಹುದಾದ ಫ್ರೇಮ್‌ಗೆ ಆ ಜಾಗದಲ್ಲಿ ಇ6ನಂಥ ಬೇರೆ ಬೈಟ್, ಅದು ನಿಜವಾಗಿ ತುಂಡಾಗದೆ ಹೋದರೂ ಅಷ್ಟೇ. ತುಂಡರಿಸಬಹುದಾದ ಫ್ರೇಮ್‌ಗಳನ್ನು ನೋಡಿಕೊಳ್ಳುವ ಭಾಗವಾದ ಪಿಮ್ಯಾಕ್ ಆಫ್ ಇರುವ ಎದುರಿನ ಸ್ವಿಚ್‌ಗೆ ಅದು ಫ್ರೇಮ್ ಅಂತಲೇ ಅನಿಸಲಿಲ್ಲ. ಎಕ್ಸ್‌ಪ್ರೆಸ್ ಆಗಿದ್ದ ಕಂಟ್ರೋಲ್ ಟ್ರಾಫಿಕ್ ಬದುಕಿದ್ದು ಹಾಗೆ.

ಆ ಕಡೆ ಪಿಮ್ಯಾಕ್ ಆನ್ ಮಾಡಿ, ಈ ಕಡೆ ವೆರಿಫೈ ವಾಪಸ್ ಹಾಕಿದೆವು. ಸ್ಟೇಟಸ್ ಸಕ್ಸೀಡೆಡ್ ಬಂತು. ಅಷ್ಟಕ್ಕೇ ಟೆಸ್ಟ್ ಮುಗಿಯಿತು ಅಂದುಕೊಳ್ಳಬೇಡಿ. ಎರಡೂ ಬಗೆಯ ಟ್ರಾಫಿಕ್ ಒಟ್ಟಿಗೆ ಹರಿಸಿ, ಈ ಕಡೆ ಕಳಿಸಿದ ತುಂಡುಗಳ ಕೌಂಟರ್, ಆ ಕಡೆ ಸರಿಯಾಗಿ ಜೋಡಣೆಯಾದ ಫ್ರೇಮ್‌ಗಳ ಕೌಂಟರ್ ನೋಡಿ. ಲೋಡ್ ಇಲ್ಲದಿದ್ದರೆ ಎಲ್ಲ ಸರಿಯಿದ್ದರೂ ಎರಡೂ ಸೊನ್ನೆಯೇ ತೋರಿಸುತ್ತವೆ.