ಮೂರನೇ ಕ್ಯೂಬ್

ಕಾಲೇಜಿನಿಂದ ನಾನು ತಂದ ವಸ್ತುಗಳಲ್ಲಿ ಈಗಲೂ ದಿನಾ ಕಣ್ಣಿಗೆ ಬೀಳುವುದು ಒಂದೇ. ಮುಷ್ಟಿಗಾತ್ರದ ಕಾಂಕ್ರೀಟ್ ತುಂಡು. ಮೇಜಿನ ಮೇಲೆ ಹಾಳೆಗಳು ಹಾರದ ಹಾಗೆ ಇಟ್ಟುಕೊಂಡಿದ್ದೇನೆ. ನೋಡಿದವರು "ಇದೇನು ಕಲ್ಲು?" ಅಂತ ಕೇಳುತ್ತಾರೆ. ನನ್ನ ಕಾಲೇಜಿನ ಕಥೆ ಹೇಳಬೇಕೆಂದರೆ ಅದರಿಂದಲೇ ಶುರು ಮಾಡಬೇಕು.

ನಾಲ್ಕು ವರ್ಷ ನಾನು ಸಿವಿಲ್ ಎಂಜಿನಿಯರಿಂಗ್ ಓದಿದ್ದು ಸ್ಕಾಲರ್‌ಶಿಪ್‌ನಲ್ಲಿ. ದುಡ್ಡು ಕೊಟ್ಟವರು ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಹೆಸರು ಹೇಳಬಾರದು ಅನ್ನುವುದು ಅವರ ಷರತ್ತು. ಪ್ರತಿ ವರ್ಷ ಫಸ್ಟ್ ಕ್ಲಾಸ್ ಬರಬೇಕು ಅನ್ನುವುದು ನನಗಿದ್ದ ಷರತ್ತು. ಹೀಗೆ ಓದಿದವರಿಗೆಲ್ಲ ಗೊತ್ತು, ಆ ದುಡ್ಡಿನ ಜೊತೆ ಒಂದು ಹೆದರಿಕೆಯೂ ಬರುತ್ತದೆ. ಅರ್ಥವಾಗದ್ದನ್ನು ನಾನು ಕ್ಲಾಸಿನಲ್ಲಿ ಕೇಳುತ್ತಲೇ ಇರಲಿಲ್ಲ. ದಡ್ಡ ಅಂತ ಗೊತ್ತಾದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ. ಹಾಗೆ ಯಾರೂ ಹೇಳಿರಲಿಲ್ಲ, ಸುಮ್ನೆ ನನ್ನ ತಲೆಯೊಳಗಿನ ಮಾತು.

ಮೂರನೇ ವರ್ಷ ಕಾಂಕ್ರೀಟ್ ಲ್ಯಾಬ್. ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಒಡೆದು ನೋಡಲು 150 ಮಿಲಿಮೀಟರಿನ ಅಚ್ಚಿನಲ್ಲಿ ಮೂರು ಕ್ಯೂಬ್ ಹಾಕಬೇಕು. ಒಂದೊಂದನ್ನೂ ಮೂರು ಪದರದಲ್ಲಿ ತುಂಬಿ, ಪದರಕ್ಕೆ 35 ಸಲ ಕಬ್ಬಿಣದ ಸಲಾಕೆಯಿಂದ ಕುಟ್ಟಬೇಕು. ಎರಡು ಕ್ಯೂಬ್ ಹಾಗೇ ಮಾಡಿದೆ. ಮೂರನೆಯದಕ್ಕೆ ಕೈ ಹಾಕುವಾಗ ಆಫೀಸಿನಿಂದ ಕರೆ ಬಂತು. ಸ್ಕಾಲರ್‌ಶಿಪ್ ನವೀಕರಣದ ಅರ್ಜಿಗೆ ಒಂದು ಸಹಿ ಬಿಟ್ಟುಹೋಗಿದೆ, ಇವತ್ತೇ ಕೊನೆಯ ದಿನ. ಉಳಿದ ಕಾಂಕ್ರೀಟನ್ನೆಲ್ಲ ಒಂದೇ ಸಲಕ್ಕೆ ಅಚ್ಚಿಗೆ ಸುರಿದು, ಮೇಲೆ ನಾಲ್ಕು ಏಟು ಕುಟ್ಟಿ, ಕರಣೆಯಿಂದ ಸವರಿ ಓಡಿದೆ. ಮೇಲಿಂದ ನೋಡಿದರೆ ಮೂರೂ ಒಂದೇ ಥರ ಇದ್ದವು.

28 ದಿನ ನೀರಿನ ತೊಟ್ಟಿಯಲ್ಲಿದ್ದ ಮೇಲೆ ಒಡೆಯುವ ದಿನ ಬಂತು. ಮಷಿನ್ ನೋಡಿಕೊಳ್ಳುತ್ತಿದ್ದ ಅಟೆಂಡರ್ ಅಣ್ಣ ಒಂದೊಂದನ್ನೇ ಇಟ್ಟು ಒತ್ತಡ ಏರಿಸಿದರು. ಮೊದಲನೆಯದು 520 ಕಿಲೋನ್ಯೂಟನ್‌ಗೆ ಒಡೆಯಿತು, ಎರಡನೆಯದು 505ಕ್ಕೆ, ಮೂರನೆಯದು 390ಕ್ಕೇ. ನಮಗೆ ಬೇಕಿದ್ದದ್ದು 450, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್. ಸರಾಸರಿ ಏನೋ ದಾಟುತ್ತಿತ್ತು. ಆದರೆ ಯಾವ ಕ್ಯೂಬೂ ಸರಾಸರಿಗಿಂತ ಶೇಕಡಾ 15ಕ್ಕಿಂತ ಜಾಸ್ತಿ ಹಿಂದೆ ಮುಂದೆ ಆಗಬಾರದು. ಹಾಗೇನಾದರೂ ಆದರೆ ಇಡೀ ಪರೀಕ್ಷೆಯೇ ರದ್ದು. ಮತ್ತೆ ಕ್ಯೂಬ್ ಹಾಕಬೇಕು, ಮತ್ತೆ 28 ದಿನ ಕಾಯಬೇಕು. ರೆಕಾರ್ಡ್ ಕೊಡಲು ಉಳಿದಿದ್ದದ್ದು ಒಂದು ವಾರ.

ರೆಕಾರ್ಡಿನಲ್ಲಿ 490 ಅಂತ ಬರೆದೆ. 3 ಇದ್ದ ಜಾಗಕ್ಕೆ 4, ಅಷ್ಟೇ.

ಮೇಡಂ ಬಂದವರು ರೆಕಾರ್ಡ್ ನೋಡಲೇ ಇಲ್ಲ. ನೇರ ತಟ್ಟೆಯಲ್ಲಿದ್ದ ಚೂರುಗಳ ಹತ್ತಿರ ಹೋದರು. ಸರಿಯಾಗಿ ಕುಟ್ಟಿದ ಕ್ಯೂಬ್ ಒಡೆದರೆ ನಾಲ್ಕೂ ಬದಿ ಉದುರಿ ನಡುವೆ ಡಮರುವಿನ ಆಕಾರ ಉಳಿಯುತ್ತದೆ. ಮೊದಲ ಎರಡು ಹಾಗೇ ಇದ್ದವು. ಮೂರನೆಯದರ ಒಂದು ಮೂಲೆ ಮಾತ್ರ ಕಿತ್ತುಬಂದಿತ್ತು, ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಆ ಮೂಲೆಯನ್ನು ಕೈಯಲ್ಲಿ ಹಿಡಿದು ಕೇಳಿದರು, "ಇದು ಎಷ್ಟಕ್ಕೆ ಒಡೆಯಿತು?" ಅಣ್ಣ ಗೋಡೆ ನೋಡುತ್ತಾ ನಿಂತರು. ನನ್ನ ಬಾಯಿಂದ 390 ಅಂತಲೇ ಬಂತು.

ಬೈಯಲಿಲ್ಲ. ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದರು: 1600, 1800. ಕೆನಡಾದ ಕ್ವಿಬೆಕ್ ಸೇತುವೆಯ ನಡುವಿನ ಎರಡು ಕಂಬಗಳ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದರು. ಸೇತುವೆ ಉದ್ದವಾದರೆ ಅದರ ತೂಕವೂ ಏರಬೇಕಲ್ವಾ? ಆ ತೂಕವನ್ನು ಹೊಸದಾಗಿ ಲೆಕ್ಕ ಹಾಕದೆ ಹಳೆಯ ಅಂಕಿಯ ಮೇಲೇ ಭಾಗಗಳನ್ನು ತಯಾರಿಸಿದರು. ಕೆಲಸ ನಡೆಯುತ್ತಿರುವಾಗ ಕಬ್ಬಿಣದ ಭಾಗಗಳು ಬಾಗುತ್ತಿರುವುದು ಕಣ್ಣಿಗೇ ಕಂಡಿತ್ತು. ಆದರೂ ಕೆಲಸ ನಿಲ್ಲಲಿಲ್ಲ. 1907ರ ಆಗಸ್ಟ್ 29ರ ಸಂಜೆ ಸೇತುವೆ ನದಿಗೆ ಬಿತ್ತು. 75 ಕೆಲಸಗಾರರು ಸತ್ತರು. ಇಷ್ಟು ಹೇಳಿ ಮೇಡಂ ಬೋರ್ಡ್ ಒರೆಸಿದರು. "ಮತ್ತೆ ಹಾಕು. ತಡ ಮಾಡಿದ್ದಕ್ಕೆ ಮಾರ್ಕ್ಸ್ ಕಟ್ ಆಗುತ್ತೆ, ಆಗಲಿ" ಅಂದರು.

ಮಾರ್ಕ್ಸ್ ಕಟ್ ಆಯಿತು. ಫಸ್ಟ್ ಕ್ಲಾಸ್ ಕೂದಲೆಳೆಯಲ್ಲಿ ಉಳಿಯಿತು. ಕ್ಲಾಸಿನಲ್ಲಿ ಪ್ರಶ್ನೆ ಕೇಳೋಕೆ ಶುರು ಮಾಡಿದ್ದು ಅದಾದ ಮೇಲೆ. ಎಷ್ಟು ಕೇಳುತ್ತಿದ್ದೆ ಅಂದರೆ ಹಿಂದಿನ ಬೆಂಚಿನವರು ಗೊಣಗುತ್ತಿದ್ದರು.

ಸದ್ಯ ಒಂದು ಡಿಸೈನ್ ಆಫೀಸಿನಲ್ಲಿ ಸರಳುಗಳ ಉದ್ದ, ಬಾಗು ಲೆಕ್ಕ ಹಾಕುತ್ತಾ ಕೂತಿದ್ದೇನೆ. ಮುಂದಿನ ತಿಂಗಳು ಹಳೆಯ ಸೇತುವೆಗಳನ್ನು ಪರೀಕ್ಷೆ ಮಾಡುವ ತಂಡಕ್ಕೆ ಸೇರುತ್ತೇನೆ. ಗೆಳೆಯರಿಗೆಲ್ಲ ಹೊಸದು, ಎತ್ತರದ್ದು ಕಟ್ಟುವ ಆಸೆ. ನನಗೆ ಕಟ್ಟಿ ಮರೆತುಬಿಟ್ಟದ್ದರ ಮೇಲೆ ಕಣ್ಣು. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದರೆ ಆ ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಒಳಗಿನಿಂದಲೇ ನೂಕಿ ಬಿರುಕು ಬಿಡಿಸುತ್ತದೆ. ಹೊರಗೆ ಬಿರುಕು ಕಾಣುವ ಮೊದಲೇ, ಸುತ್ತಿಗೆಯಿಂದ ತಟ್ಟಿದರೆ ಕೆಲವು ಕಡೆ ಪೊಳ್ಳು ಸದ್ದು ಬರುತ್ತದೆ. ಆ ಸದ್ದು ಗುರುತು ಹಿಡಿಯುವವನಾಗಬೇಕು, ಸದ್ಯಕ್ಕೆ ನನ್ನ ಆಸೆ ಇಷ್ಟೇ.

ಇನ್ನೊಂದು ಬಾಕಿ ಇದೆ. ಸ್ಕಾಲರ್‌ಶಿಪ್ ಕೊಟ್ಟವರಿಗೆ ವರ್ಷಕ್ಕೊಂದು ಕೃತಜ್ಞತಾ ಪತ್ರ ಬರೆದು ಆಫೀಸಿಗೆ ಕೊಡಬೇಕಿತ್ತು. ಮೂರು ವರ್ಷ ಸೀನಿಯರ್‌ಗಳ ಪತ್ರವನ್ನೇ ನಕಲು ಮಾಡಿದೆ. "ತಮ್ಮ ಉದಾರ ನೆರವಿಗೆ ಚಿರಋಣಿ", ಆ ಥರ. ಕೊನೆಯ ವರ್ಷ ಮಾತ್ರ ನಕಲು ಮಾಡಲು ಮನಸ್ಸಾಗದೆ ಈ ಕ್ಯೂಬಿನ ಕಥೆ ಪೂರ್ತಿ ಬರೆದೆ, 3 ಅನ್ನು 4 ಮಾಡಿದ್ದೂ ಸೇರಿ. ಕೋರ್ಸ್ ಮುಗಿದ ಮೇಲೆ ಆಫೀಸಿನ ಮೂಲಕ ಒಂದು ಚೀಟಿ ಬಂತು. ಹೆಸರಿಲ್ಲ, ವಿಳಾಸವಿಲ್ಲ, ಒಂದೇ ಸಾಲು. "ಎರಡನೇ ಸಲ ಮೂರನೇ ಕ್ಯೂಬ್ ಎಷ್ಟಕ್ಕೆ ಒಡೆಯಿತು?"

ನಾನು ಇದನ್ನು ಬರೆಯುತ್ತಿರುವ ಈ ಕಾಲೇಜು ಪತ್ರಿಕೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೋಗುತ್ತದಂತೆ. ಹಾಗಾಗಿ ಆ ಚೀಟಿ ಬರೆದ ನಿಮಗೂ ಬಂದಿರುತ್ತದೆ.

498ಕ್ಕೆ. ಡಮರುವಿನ ಹಾಗೇ ಒಡೆಯಿತು.