ಗುರು ಎಲ್ಲಿ ನಿಂತಿದ್ದಾನೆ: ಸ್ಕೆಚ್‌ಬುಕ್ ಎಲ್ಲಿಗೆ ಬಂತು

ಅನಿಮೆಯ (ಜಪಾನಿ ಕಾರ್ಟೂನ್ ಸರಣಿಗಳ) ಗುರು-ಶಿಷ್ಯರನ್ನು ಪುಟಕ್ಕೊಂದು ಜೋಡಿಯಂತೆ ಬಿಡಿಸುವ ಕೆಲಸ ಮೆಲ್ಲಗೆ ಸಾಗಿದೆ. ಡ್ರ್ಯಾಗನ್ ಬಾಲ್ ಪುಟಗಳು ಹೆಚ್ಚುಕಮ್ಮಿ ಮುಗಿದವು. ನರುಟೋ ಅರ್ಧಕ್ಕೆ ಬಂದಿದೆ. ಬಾಕ್ಸಿಂಗ್ ಕಥೆಯ ಇಪ್ಪೋ ಇನ್ನೂ ಪೆನ್ಸಿಲ್‌ನಲ್ಲೇ ಇದ್ದಾನೆ.

ಹೊಸದಾಗಿ ಓದುತ್ತಿರುವವರಿಗೆ ನಿಯಮ ಹೇಳಿಬಿಡುತ್ತೇನೆ. ಹೊಡೆದಾಟ ಕಲಿಸಲು ಬಂದವನು ಆ ಮಗುವಿಗೆ ಅಪ್ಪನಾಗಿಬಿಟ್ಟ ಗಳಿಗೆ ಒಂದಿರುತ್ತದಲ್ಲ, ಅದನ್ನು ಹಿಡಿಯಬೇಕು. ಮುಖದ ಭಾವ ಬಿಡಿಸುವಂತಿಲ್ಲ, ಮಾತು ಬರೆಯುವಂತಿಲ್ಲ. ಇಬ್ಬರ ಆಕಾರ, ನಡುವಿನ ಖಾಲಿ ಜಾಗ, ಅಷ್ಟೇ. ಗುರು ನಿಂತ ಜಾಗ ನೋಡಿದರೇ ಗೊತ್ತಾಗಬೇಕು. ಸಾಮಾನು: ಬ್ರಷ್ ಪೆನ್, ಒಂದೇ ಒಂದು ಬೂದು ಮಾರ್ಕರ್, ದಪ್ಪ ಕಾಗದ.

ಮೊದಲು ಮುಗಿದದ್ದು ಡ್ರ್ಯಾಗನ್ ಬಾಲ್‌ನ ಮುದಿ ಗುರು ಮಾಸ್ಟರ್ ರೋಶಿ. ಅದರ ಮುಂದಿನ ಸರಣಿ ಝಡ್ ಮಾತ್ರ ನೋಡಿದವರಿಗೆ ಇವನು ಬರೀ ಪೋಲಿ ಮುದುಕ. 1986ರ ಹಳೆಯ ಸರಣಿ ನೋಡಿದವರಿಗೆ ಹಾಗನ್ನಿಸುವುದಿಲ್ಲ. ಶಿಷ್ಯರಾದ ಗೋಕು, ಕ್ರಿಲಿನ್ ಇಬ್ಬರಿಗೂ ಅವನು ಮೊದಲು ಒಂದು ಏಟು ಹೊಡೆಯುವುದನ್ನೂ ಕಲಿಸುವುದಿಲ್ಲ. ಬೆಳಗಾಗೆದ್ದು ಓಡುತ್ತಾ ಹಾಲು ಹಾಕಿ ಬರಬೇಕು. ಬರಿಗೈಯಲ್ಲಿ ಹೊಲ ಅಗೆಯಬೇಕು. ಆಮೇಲೆ ಪಾಠ, ಊಟ, ಮಧ್ಯಾಹ್ನ ಒಂದು ನಿದ್ದೆ. ಎದ್ದ ಮೇಲೆ ಕಟ್ಟಡದ ಕೂಲಿ ಕೆಲಸ. ಬೆನ್ನ ಮೇಲೆ ಇಪ್ಪತ್ತು ಕಿಲೋ ಆಮೆ ಚಿಪ್ಪು, ಅದು ಅಭ್ಯಾಸ ಆಗುವಷ್ಟರಲ್ಲಿ ನಲವತ್ತು. ಓದು, ದುಡಿ, ಚೆನ್ನಾಗಿ ತಿನ್ನು, ಮಲಗು. ಮನೆಯಲ್ಲಿ ದೊಡ್ಡವರು ಇನ್ನೇನು ಹೇಳುತ್ತಾರೆ ಹೇಳಿ!

ಆದರೆ ನಾನು ಬಿಡಿಸಿದ್ದು ಆ ತರಬೇತಿಯನ್ನಲ್ಲ, ಪಂದ್ಯವನ್ನು. ಹುಡುಗರು ಮೊದಲ ಸಲಕ್ಕೇ ಗೆದ್ದರೆ ತಲೆ ನಿಲ್ಲುವುದಿಲ್ಲ ಅಂತ ರೋಶಿ ವಿಗ್ಗು ಹಾಕಿ ಜ್ಯಾಕಿ ಚುನ್ ಅಂತ ಹೆಸರು ಬದಲಿಸಿಕೊಂಡು ತಾನೇ ಕಣಕ್ಕಿಳಿಯುತ್ತಾನೆ. ಫೈನಲ್‌ನಲ್ಲಿ ಇಬ್ಬರೂ ಗಾಳಿಯಲ್ಲಿ ಹಾರಿ ಒದೆಯುತ್ತಾರೆ. ಮುದುಕನ ಕಾಲು ಉದ್ದ, ಹುಡುಗನ ಕಾಲು ಗಿಡ್ಡ. ಅಷ್ಟರಲ್ಲೇ ಪಂದ್ಯ ಮುಗಿಯುತ್ತದೆ. ಇಲ್ಲಿ ಗುರು ನಿಂತಿರುವುದು ಎದುರಿಗೆ. ಪುಟದಲ್ಲಿ ಎರಡು ಕಾಲುಗಳೇ ಮುಖ್ಯ, ಉಳಿದ ಮೈಯೆಲ್ಲ ಬೂದು. ಮುಂದಿನ ಪಂದ್ಯದಲ್ಲಿ ಇದೇ ಮುದುಕ, ಇನ್ನು ಕಾಲ ನಿಮ್ಮದು ಅನ್ನುವಂತೆ, ತಾನಾಗೇ ಕಣದಿಂದ ಕೆಳಗಿಳಿದುಬಿಡುತ್ತಾನೆ. ಅದಕ್ಕೂ ಒಂದು ಪುಟ ಕೊಡಬೇಕು ಅಂತ ಆಸೆ ಇದೆ, ನೋಡೋಣ.

ಗೋಕುವಿನ ಹಳೆಯ ವೈರಿ ಪಿಕೊಲೊ ಒಬ್ಬನಿಗೇ ಪುಟಗಟ್ಟಲೆ ಹೋಗುತ್ತಿದೆ. ಬೇಜಾರಿಲ್ಲ. ಈ ಕೆಲಸ ಶುರುವಾದದ್ದೇ ಅವನಿಂದ.

ಹಿನ್ನೆಲೆ ಎಷ್ಟು ವಿಚಿತ್ರ ನೋಡಿ. ರೋಶಿ ಸತ್ತದ್ದು ಪಿಕೊಲೊನ ಅಪ್ಪನನ್ನು ಜಾಡಿಯೊಳಗೆ ಕೂಡಿಹಾಕಲು ಹೋಗಿ. ರ‍್ಯಾಡಿಟ್ಜ್ ಎಂಬ ಶತ್ರುವಿನ ಜೊತೆಗಿನ ಕಾಳಗದಲ್ಲಿ ಗೋಕುವಿನ ಎದೆ ಸೀಳಿದ್ದು ಪಿಕೊಲೊನದೇ ಅಸ್ತ್ರ. ಹೀಗೆ ಗೋಕುವನ್ನು ಕೊಂದವನೇ ಅವನ ಮಗ, ನಾಲ್ಕು ವರ್ಷದ ಗೋಹಾನ್‌ನನ್ನು ಎತ್ತಿಕೊಂಡು ಹೋಗಿ, ಆರು ತಿಂಗಳು ಕಾಡುಮೇಡಲ್ಲಿ ಒಬ್ಬನನ್ನೇ ಬಿಟ್ಟುಬಿಡುತ್ತಾನೆ. ಪ್ರೀತಿಯಿಂದಲ್ಲ, ಸೈಯನ್ನರು ಎಂಬ ಅನ್ಯಗ್ರಹದ ಯೋಧರು ಬರುವ ಮುಂಚೆ ಒಂದು ಆಯುಧ ತಯಾರಾಗಲಿ ಅಂತ. ಕೊನೆಗೆ ಅವರಲ್ಲೊಬ್ಬ ನಪ್ಪಾ ಆ ಮಗುವಿನ ಮೇಲೆ ಬೆಳಕಿನ ಉಂಡೆ ಎಸೆದಾಗ, ಇದೇ ಪಿಕೊಲೊ ಅಡ್ಡ ನಿಂತು ಸಾಯುತ್ತಾನೆ. ನನ್ನ ಜೊತೆ ಸರಿಯಾಗಿ ಮಾತಾಡಿದವನು ನೀನೊಬ್ಬನೇ ಅಂತ ಸಾಯುವಾಗ ಹೇಳುತ್ತಾನೆ.

ಈ ಪುಟದಲ್ಲಿ ಪಿಕೊಲೊ ಎರಡೂ ಕೈ ಚಾಚಿ ನಿಂತಿದ್ದಾನೆ. ಹಿಂದೆ ಗೋಹಾನ್ ಬಲು ಪುಟ್ಟದು. ಹುಡುಗನನ್ನು ಪೂರ್ತಿ ನೆರಳಲ್ಲೇ ಇಟ್ಟಿದ್ದೇನೆ, ಬೂದು ಮಾರ್ಕರ್ ಮೇಲೆ ಇನ್ನೊಂದು ಪದರ ಬೂದು. ಪುಟದಲ್ಲಿ ಬಿಳಿ ಉಳಿದಿರುವುದು ಗುರುವಿನ ಮುಂದೆ ಮಾತ್ರ.

ಅದಕ್ಕಿಂತ ಇಷ್ಟವಾದ ಪುಟ ಮುಂದಿನದು. ಸೆಲ್ ಎಂಬ ಖಳನ ಜೊತೆಗಿನ ಕಾಳಗದಾಟಕ್ಕೆ ಹೊರಡುವ ಮೊದಲು ಗೋಹಾನ್ ಬಟ್ಟೆ ಕೇಳುತ್ತಾನೆ. (ಈ ಕಥೆಯಲ್ಲಿ ಸತ್ತವರು ಮತ್ತೆ ಬದುಕಿ ಬರುವುದುಂಟು, ಪಿಕೊಲೊನೂ ಬಂದಿದ್ದಾನೆ.) ಅಪ್ಪ ಗೋಕು ಮತ್ತೆ ಬದುಕಿ ಪಕ್ಕದಲ್ಲೇ ಇದ್ದಾನೆ. ಆದರೂ ಹುಡುಗನಿಗೆ ಬೇಕಾದದ್ದು ಪಿಕೊಲೊನಂಥ ನೇರಳೆ ಅಂಗಿ, ಬಿಳಿ ಮೇಲುಹೊದಿಕೆ. ಪುಟದಲ್ಲಿ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದ್ದೇನೆ. ಒಂದೇ ಹೊದಿಕೆ, ದೊಡ್ಡದೊಂದು, ಚಿಕ್ಕದೊಂದು. ಆ ಭುಜದ ದಪ್ಪ ಅಂಚು ಬಿಡಿಸೋದು ಮಾತ್ರ ಸಾಕುಬೇಕು ಮಾಡಿತು. ಸ್ವಲ್ಪ ಜಾಸ್ತಿ ಉಬ್ಬಿದರೂ ದಿಂಬು ಹೊತ್ತಂತೆ ಕಾಣುತ್ತದೆ. ಕೊನೆಗೆ ಅಂಚಿಗೆ ಗೆರೆಯನ್ನೇ ಹಾಕದೆ, ಕೆಳಗಿನ ನೆರಳಿನಿಂದಲೇ ಅದನ್ನು ತೋರಿಸಿದೆ.

ಗೋಕು ಒಳ್ಳೆಯ ಅಪ್ಪನಾ ಅನ್ನೋ ಜಗಳ ಅಭಿಮಾನಿಗಳಲ್ಲಿ ಮುಗಿಯುವಂಥದ್ದಲ್ಲ. ಗೋಕು ಕೆಟ್ಟವನಲ್ಲ. ತನಗೆ ಖುಷಿ ಕೊಡುವುದು ಮಗನಿಗೂ ಖುಷಿ ಕೊಡುತ್ತದೆ ಅಂದುಕೊಂಡವನು. ಸೆಲ್‌ಗೆ ಸೆನ್ಜು ಬೀಜ ತಿನ್ನಿಸಿ, ಸುಸ್ತೆಲ್ಲ ಇಳಿಸಿ, ಆಮೇಲೆ ಮಗನನ್ನು ಅವನ ಮುಂದೆ ಬಿಡುತ್ತಾನೆ! ಆಗ ಪಿಕೊಲೊ ಸಿಡಿಯುತ್ತಾನೆ. ಗೋಹಾನ್‌ಗೆ ನಿನ್ನ ಹಾಗೆ ಹೊಡೆದಾಟದ ಹುಚ್ಚಿಲ್ಲ, ಅಪ್ಪ ಯಾಕೆ ನನ್ನ ಸಹಾಯಕ್ಕೆ ಬರುತ್ತಿಲ್ಲ ಅಂತ ಯೋಚಿಸುತ್ತಿದ್ದಾನೆ, ಅನ್ನೋ ಅರ್ಥದಲ್ಲಿ ಗೋಕುವಿನ ಮುಖಕ್ಕೇ ಹೇಳುತ್ತಾನೆ. ಆಯುಧ ಮಾಡಲು ಹೊರಟವನೇ ಈಗ ಮಗು ಏನು ಬಯಸುತ್ತಿದೆ ಅಂತ ನೋಡುತ್ತಿದ್ದಾನೆ. ನನ್ನ ಪ್ರಕಾರ ಪಿಕೊಲೊ ಅಪ್ಪನಾದದ್ದು ನಪ್ಪಾನ ಮುಂದೆ ಸತ್ತಾಗ ಅಲ್ಲ, ಇಲ್ಲಿ. ಸಾಯುವುದು ಒಂದು ಕ್ಷಣದ ಕೆಲಸ. ಇದಕ್ಕೆ ವರ್ಷಗಟ್ಟಲೆ ಆ ಹುಡುಗನನ್ನು ಗಮನಿಸಿರಬೇಕು. ಅಂದಹಾಗೆ, ಜಪಾನಿ ದನಿಯಲ್ಲಿ ಗೋಕು, ಗೋಹಾನ್ ಇಬ್ಬರೂ ಒಬ್ಬರೇ, ಮಸಾಕೊ ನೊಜಾವಾ. ಅಪ್ಪ-ಮಗನಿಗೆ ಒಂದೇ ಗಂಟಲು, ಆದರೂ ಮಗನ ಪರವಾಗಿ ಮಾತಾಡಲು ಮೂರನೆಯವನು ಬೇಕಾಯಿತು.

2022ರ ಸೂಪರ್ ಹೀರೋ ಸಿನಿಮಾದಲ್ಲಿ ಪಿಕೊಲೊ ಗೋಹಾನ್‌ನ ಮಗಳು ಪ್ಯಾನ್‌ಗೆ ಹೊಡೆದಾಟ ಕಲಿಸುತ್ತಾನೆ, ಶಿಶುವಿಹಾರದಿಂದ ಕರೆತರುವ ಕೆಲಸವೂ ಅವನ ತಲೆಗೇ ಬರುತ್ತದೆ. ಅದಕ್ಕೆ ಪುಟ ಬೇಡ, ಮೂಲೆಯಲ್ಲಿ ಸುಮ್ನೆ ಒಂದು ಪುಟಾಣಿ ಗೀಚು ಹಾಕಿದ್ದೇನೆ.

ನರುಟೋ ಭಾಗಕ್ಕೆ ಬರೋಣ. ನರುಟೋನ ಶಾಲೆಯ ಗುರು ಇರುಕಾನ ಪುಟ ಮುಗಿದಿದೆ. 1999ರ ಕಾಮಿಕ್ಸ್‌ನ ಮೊದಲ ಅಧ್ಯಾಯದಲ್ಲೇ ಮಿಜುಕಿ ಎಂಬ ದ್ರೋಹಿ ಎಸೆದ ದೊಡ್ಡ ಶುರಿಕೆನ್ (ಎಸೆಯುವ ಅಲಗಿನ ಚಕ್ರ) ಇರುಕಾನ ಬೆನ್ನಿಗೆ ನಾಟುತ್ತದೆ. ನರುಟೋ ಅವನ ಕೆಳಗಿದ್ದಾನೆ. ಇರುಕಾನ ಹೆತ್ತವರನ್ನು ಕೊಂದ ರಾಕ್ಷಸ ನರಿ ಈ ಹುಡುಗನ ಹೊಟ್ಟೆಯೊಳಗೇ ಇದೆ. ಇಲ್ಲೂ ಹಗೆಯಿಂದಲೇ ಶುರು. ಗುರು ನಿಂತೂ ಇಲ್ಲ, ಚಾವಣಿಯ ಹಾಗೆ ಬಾಗಿದ್ದಾನೆ. ನರುಟೋ ಮದುವೆ ಹೊತ್ತಿಗೆ, ತನ್ನ ಅಪ್ಪನ ಜಾಗದಲ್ಲಿ ನೀವೇ ಇರಬೇಕು ಅಂತ ಕೇಳುವುದೂ ಇವನನ್ನೇ.

ಅದೇ ಕಥೆಯ ಗುರು ಮೈಟೊ ಗಾಯ್, ಶಿಷ್ಯ ರಾಕ್ ಲೀ ಪುಟ ಮಾತ್ರ ಸಿಕ್ಕಿಹಾಕಿಕೊಂಡಿದೆ. ಎದುರಾಳಿ ಗಾರಾನ ಮರಳು ಲೀಯ ಎಡಗೈ, ಎಡಗಾಲು ಪುಡಿ ಮಾಡಿದ ಮೇಲೆ ಗಾಯ್ ನಡುವೆ ಬಂದು ತಡೆಯುತ್ತಾನೆ. ಅದನ್ನೇ ಬಿಡಿಸಿದರೆ ಪಿಕೊಲೊ ಪುಟದ ನಕಲು ಆಗುತ್ತದೆ. ಹಾಗಾಗಿ ಸ್ವಲ್ಪ ಮುಂದಕ್ಕೆ ಹೋಗಿದ್ದೇನೆ. ಲೀ ಪ್ರಜ್ಞೆ ಇಲ್ಲದೆಯೂ ಎದ್ದು ನಿಂತಿದ್ದಾನೆ, ಗಾಯ್ ಅವನನ್ನು ತಬ್ಬಿಕೊಂಡು ಅಳುತ್ತಿದ್ದಾನೆ. ನಡುವೆ ಖಾಲಿ ಜಾಗವೇ ಇಲ್ಲ. ಇಬ್ಬರದೂ ಒಂದೇ ಹಸಿರು ಬಟ್ಟೆ, ಒಂದೇ ಥರ ಕತ್ತರಿಸಿದ ಕೂದಲು ಬೇರೆ. ಆಕಾರ ಬಿಡಿಸುವಾಗ ಎಲ್ಲಿ ಗುರು ಮುಗಿದ, ಎಲ್ಲಿ ಶಿಷ್ಯ ಶುರುವಾದ ಅಂತಲೇ ತಿಳಿಯುವುದಿಲ್ಲ. ಲೀಯ ಜೋತುಬಿದ್ದ ಎಡಗೈ ಒಂದನ್ನು ಹೊರಗೆ ಬಿಟ್ಟು ನೋಡಬೇಕು.

ಇಪ್ಪೋ ಪುಟದ ಲೆಕ್ಕಾಚಾರ ಬೇರೆ. ಅಪ್ಪ ಸಮುದ್ರದಲ್ಲಿ ಸತ್ತ ಹುಡುಗ, ತಾಯಿಯ ಜೊತೆ ದೋಣಿ ಕೆಲಸ. ಕೋಚ್ ಕಾಮೊಗಾವಾ ಮಿಟ್ (ಹೊಡೆತ ತಡೆಯುವ ದಪ್ಪ ಕೈಗವಸು) ಹಿಡಿದು ಎದುರಿಗೆ ನಿಂತು, ಆ ಹೊಡೆತಗಳನ್ನೆಲ್ಲ ಅಂಗೈಯಲ್ಲಿ ತಿನ್ನುತ್ತಾನೆ. ಅದೂ ಹರೆಯದಲ್ಲಿ ಪಂದ್ಯಕ್ಕಾಗಿ ಮುರಿದುಕೊಂಡ ಕೈಗಳಲ್ಲಿ. ಮಿಟ್ ಒಳಗಿನ ಕೈ ಹಳೆಯದು ಅಂತ ಬರೀ ಆಕಾರದಲ್ಲಿ ತೋರಿಸೋದು ಹೇಗೋ, ಇನ್ನೂ ದಾರಿ ಸಿಕ್ಕಿಲ್ಲ. ಮಣಿಕಟ್ಟು ಸಣ್ಣ ಮಾಡಿ ನೋಡುತ್ತಿದ್ದೇನೆ.

ಆಮೇಲೆ ಇನ್ನೊಂದು ಸರಣಿಯ ನಾಯಕ ರಾನ್ಮಾನ ಅಪ್ಪ ಗೆನ್ಮಾ ಬಾಕಿ. ಹೆತ್ತ ಅಪ್ಪನೇ ಗುರು, ಮಗನ ಮೈಗೆ ಮೀನಿನ ತಿನಿಸು ಸುತ್ತಿ ಹಸಿದ ಬೆಕ್ಕುಗಳ ಗುಂಡಿಗೆ ಎಸೆದವನು. ನಿಯಮದ ಪ್ರಕಾರ ಈ ಪಟ್ಟಿಗೆ ಬರುವವನೇ ಅಲ್ಲ. ಆದರೂ ಕೊನೆಯ ಪುಟ ಅವನಿಗೇ: ಕೆಳಗೆ ಗುಂಡಿ, ಗುಂಡಿಯಲ್ಲಿ ಬೆಕ್ಕುಗಳು, ಮೇಲೆ ಅಂಚಿನಿಂದ ಒಂದು ಹೆಜ್ಜೆ ಹಿಂದಕ್ಕೆ ಅಪ್ಪ. ಬೆಕ್ಕು ಬಿಡಿಸಿ ಅಭ್ಯಾಸ ಇಲ್ಲ, ಮುಂದಿನ ವಾರ ಬರೀ ಬೆಕ್ಕು.