ವಾಯ್ಸ್ ಚೆನ್ನಾಗಿದೆ, ಡಬ್ಬಿಂಗ್‌ಗೆ ಸೇರಬಹುದಾ?

ಈಚೆಗೆ ಹಾಸನದಲ್ಲೊಂದು ಮದುವೆ. ಎಲೆ ಮುಂದೆ ಕೂತಿದ್ದಾಗಲೂ ಪ್ರಶ್ನೆ ಬಂತು: "ನಮ್ಮ ಹುಡುಗನ ವಾಯ್ಸ್ ಚೆನ್ನಾಗಿದೆ ಸಾರ್, ಡಬ್ಬಿಂಗ್‌ಗೆ ಆಗ್ತಾನಾ?" ಪಕ್ಕದಲ್ಲಿದ್ದ ಹುಡುಗ ಗಂಟಲು ದಪ್ಪ ಮಾಡಿಕೊಂಡು "ನಮಸ್ಕಾರ" ಅಂದ.

ಆಗಬಹುದು. ಆದರೆ ನಮ್ಮಲ್ಲಿ ಕೀರಲು ದನಿಗೂ ಕೆಲಸ ಇದೆ, ಒಡಕು ದನಿಗೂ ಇದೆ. ಪರದೆ ಮೇಲಿನವನು ಎಲ್ಲಿ ಉಸಿರು ಎಳೆದ ಅನ್ನೋದು ನಿಮಗೆ ಕಾಣುತ್ತಾ? ಡಬ್ಬಿಂಗ್ ಡೈರೆಕ್ಟರ್ ಆಗಿ ನಾನು ಮೊದಲು ನೋಡುವುದು ಅದನ್ನೇ.

ನಾನು ಶುರು ಮಾಡಿದ್ದು ಕ್ರೌಡ್ ವಾಯ್ಸ್‌ನಲ್ಲಿ. ಎಂಟು ಜನ ಒಂದೇ ಮೈಕ್ ಸುತ್ತ ನಿಂತು ಸಂತೆಯ ಗಲಾಟೆ ಮಾಡುವುದು. ಒಂದು ದಿನ ಒಂಟಿ ಡೈಲಾಗ್ ಸಿಕ್ಕಿತು: "ಅಯ್ಯೋ, ಬಸ್ ಹೋಯ್ತಾ?" ಹನ್ನೊಂದು ಟೇಕ್ ತಗೊಂಡೆ. ಪರದೆಯವನು ಓಡಿ ಬಂದಿದ್ದ, ನಾನು ಸೋಫಾದಲ್ಲಿ ಕೂತವನ ಹಾಗೆ ಕೇಳುತ್ತಿದ್ದೆ. ಡೈರೆಕ್ಟರ್ ನನ್ನನ್ನು ಹೊರಗೆ ಕಳಿಸಿ ಮೆಟ್ಟಿಲು ಹತ್ತಿಸಿ ಇಳಿಸಿದರು. ಹನ್ನೆರಡನೆಯದು ಓಕೆ ಆಯ್ತು. (ಈಗ ನಾನು ಯಾರನ್ನೂ ಮೆಟ್ಟಿಲು ಹತ್ತಿಸುವುದಿಲ್ಲ. ನಿಜವಾದ ಏದುಸಿರು ಮೈಕ್‌ನಲ್ಲಿ ಗಾಳಿ ಹೊಡೆದ ಹಾಗೆ ಕೇಳಿಸುತ್ತೆ.)

ಡೈರೆಕ್ಟರ್ ಆದ ಮೇಲೆ ತಲೆನೋವು ತುಟಿಗಳದ್ದು. ತೆಲುಗಿನವನು "ನಾಕು ಕಾವಾಲಿ" ಅನ್ನುತ್ತಾನೆ. ಕನ್ನಡದಲ್ಲಿ "ನಂಗೆ ಬೇಕು", ಅಷ್ಟೇ ಅಲ್ವಾ? ಆದರೆ "ಬೇ" ಅನ್ನಲು ತುಟಿ ಮುಚ್ಚಲೇಬೇಕು. ಅವನ ಬಾಯಿ ಆಗ ಅಗಲವಾಗಿ ತೆರೆದಿರುತ್ತೆ. ಮಾತು ಬೇರೆ ಮುಗಿದು ಹೋಗುತ್ತೆ, ಬಾಯಿ ಇನ್ನೂ ಆಡುತ್ತಿರುತ್ತೆ. ಒಮ್ಮೆ ಅರ್ಧ ಗಂಟೆ ಒದ್ದಾಡಿ "ನಂಗೆ ತಾ ಇಲ್ಲಿ" ಅಂತ ಹಾಕಿಸಿದೆ. ಎಣಿಸಿ ನೋಡಿ, ಅಲ್ಲೂ (ನಾ-ಕು-ಕಾ-ವಾ-ಲಿ) ಇಲ್ಲೂ (ನಂ-ಗೆ-ತಾ-ಇಲ್-ಲಿ) ಐದೇ ತುಂಡು, ಕೊನೆಯ "ಲಿ" ಕೂಡ ಕೂತಿತು. ಬೆಂಗಳೂರಿನ ಕಾಲೇಜು ಹುಡುಗನ ಬಾಯಲ್ಲಿ ಆ "ತಾ" ಸುಳ್ಳಾಗುತ್ತಿತ್ತು. ಪುಣ್ಯಕ್ಕೆ ಅದು ಹಳ್ಳಿಯ ಗೌಡನ ಪಾತ್ರ. ಕನ್ನಡ ಓದದೆ, ನಾಲ್ಕು ಊರಿನ ಮಾತು ಕೇಳದೆ ಈ ಕೆಲಸಕ್ಕೆ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಕೆಲಸ ಇದೆಯಾ ಅಂದರೆ, ಈಗ ಇದೆ. 1960ರ ದಶಕದಿಂದ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬರುತ್ತಿರಲಿಲ್ಲ. ಕಾನೂನೇನೂ ಅಲ್ಲ, ಚಿತ್ರರಂಗದ ಕಟ್ಟುಪಾಡು. ಅದು ಸರಿಯಲ್ಲ ಅಂತ 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದ ಹಾಗೆ ನೋಡಿಕೊಳ್ಳುವ ಕೇಂದ್ರದ ಕಾಂಪಿಟಿಷನ್ ಕಮಿಷನ್ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿಕೊಂಡು ಟಿವಿಗೆ ಬಂತು. ಹಾಗಂತ ಮೊದಲು ನಮ್ಮಲ್ಲಿ ಡಬ್ಬಿಂಗ್ ಕಲಾವಿದರೇ ಇರಲಿಲ್ಲ ಅಂದುಕೊಳ್ಳಬೇಡಿ. ಕನ್ನಡ ಬಾರದ ನಾಯಕಿಯರಿಗೆ ದನಿ ಬೇಕಿತ್ತಲ್ಲ! ರಾಜ್‌ಕುಮಾರ್ ಚಿತ್ರಗಳ ಎಷ್ಟೋ ನಾಯಕಿಯರ ದನಿ ಬಿ. ಜಯಶ್ರೀ ಅವರದು. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗದ ಮೇಲೆ ಪಳಗಿದವರು.

ಹುಡುಗರಿಗೆ ಮಾತ್ರ ನಟ, ಡಬ್ಬಿಂಗ್ ಕಲಾವಿದ ರವಿಶಂಕರ್ ಆಗಬೇಕು. 2009ರ ತೆಲುಗು 'ಅರುಂಧತಿ'ಯಲ್ಲಿ ಸೋನು ಸೂದ್‌ಗೆ ಅವರು ಕೊಟ್ಟ ದನಿ ಕೇಳಿ ಎಲ್ಲರೂ ಗಂಟಲು ಹರಿದುಕೊಳ್ಳುತ್ತಾರೆ. ಸ್ವಾಮಿ, ಅಂಥ ಪಾತ್ರ ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಉಳಿದ ದಿನ ಕಾಂಪೌಂಡರ್, ಸೆಕ್ಯೂರಿಟಿ, ಆ ಮನೆಯ ಎರಡನೇ ಅಳಿಯ.

ದುಡ್ಡು? ಶುರುವಿನಲ್ಲಿ ಬಾಡಿಗೆಗೂ ಸಾಲದು. ಒಬ್ಬರು ನನಗೆ ಕೊಡಬೇಕಾದ ಮೂರು ಸಾವಿರ ಎಂಟು ವರ್ಷದಿಂದ "ಮುಂದಿನ ವಾರ" ಬರ್ತಾನೇ ಇದೆ. ಇರುವ ಕೆಲಸ ಬಿಡಬೇಡಿ.

ಮದುವೆ ಮನೆಯ ಹುಡುಗನಿಗೆ ಒಂದು ಕೆಲಸ ಹೇಳಿದ್ದೆ. ತೆಲುಗು ಸಿನಿಮಾದ ಒಂದು ನಿಮಿಷ ತಗೋ, ನೀನೇ ಕನ್ನಡ ಬರಿ, ಫೋನ್‌ನಲ್ಲಿ ಮಾತಾಡಿ ಕಳಿಸು ಅಂತ. ಎರಡು ವಾರಕ್ಕೆ ಬಂತು. ತುಟಿ ಒಂದು ಕಡೆಯೂ ಕೂಡಿರಲಿಲ್ಲ. ಆದರೆ ಅದರಲ್ಲೊಬ್ಬ ಮುದುಕ ಮಾತಿಗೆ ಮೊದಲು ಮೂಗಲ್ಲಿ ಸಣ್ಣಗೆ ಉಸಿರೆಳೆಯುತ್ತಾನೆ. ಅದನ್ನು ಹಿಡಿದಿದ್ದ. ಮುಂದಿನ ಕ್ರೌಡ್‌ಗೆ ಬಾ ಅಂದಿದ್ದೇನೆ.